ಜಪಾನಿನ ಸಿಟ್ಟಿನಾಕಿ ಮತ್ತು ನಾವು ನಾಲ್ವರು

ನಲವತ್ತನಾಲ್ಕರ ವಯಸ್ಸಿಗೆ ನನ್ನ ಮೈಯೊಳಗೆ ಯಾರೋ ಒಲೆ ಹಚ್ಚಿಟ್ಟು ಮರೆತುಹೋದಂತಾಗಿತ್ತು. ರಾಯಚೂರಿನವರಿಗೆ ಸೆಕೆ ಹೊಸದೇನಲ್ಲ. ಆದರೆ ಇದು ಸಂಕ್ರಾಂತಿಯ ಚಳಿಯಲ್ಲೂ ಎದೆಯಿಂದ ಎದ್ದು, ಕುತ್ತಿಗೆ ಹಿಡಿದು, ಕಿವಿಯವರೆಗೆ ಏರುತ್ತಿತ್ತು. ಕೂತಲ್ಲೇ ಬೆವರು, ಕಾರಣವಿಲ್ಲದೆ ಅಳು. ಡಾಕ್ಟರಮ್ಮನ ಹತ್ತಿರ ಹೋದರೆ ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, "ಮುಟ್ಟು ನಿಲ್ಲೋ ಹೊತ್ತಿನ್ಯಾಗ ಇದೆಲ್ಲಾ ಇರೋದರೀ, ತಡ್ಕೋಬೇಕು" ಎಂದು ರಕ್ತ ಹೆಚ್ಚುವ ಗುಳಿಗೆ ಬರೆದುಕೊಟ್ಟರು. ತಡೆದುಕೊಳ್ಳುವುದು ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಪ್ಪತ್ತರ ಶುರುವಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ರಂಕ್ ಬೋರ್ಡಿನ ಮುಂದೆ ಕೂತವಳು. ಒಂದು ತೂತಿನಿಂದ ಕಿತ್ತ ವೈರನ್ನು ಇನ್ನೊಂದಕ್ಕೆ ಚುಚ್ಚಿ, "ಮಾತಾಡ್ರಿ" ಎಂದು ಊರೂರಿನವರನ್ನು ಕೂಡಿಸುವುದು ನನ್ನ ಕೆಲಸ. ಹತ್ತಿ ವ್ಯಾಪಾರದವರ ಧಾರಣೆ, ಆಸ್ಪತ್ರೆಯ ಸುದ್ದಿ, ಹೆಣ್ಣು ನೋಡಲು ಬರುವವರ ಬಸ್ಸಿನ ವೇಳೆ, ಯಾರೋ ತೀರಿಕೊಂಡದ್ದು, ಎಲ್ಲವೂ ನನ್ನ ಕಿವಿಯ ಮೇಲಿಂದಲೇ ಹೋಗಬೇಕು. ಕೇಳಬಾರದು ಎಂಬುದು ನಿಯಮ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಪಾಳಿ ಮುಗಿಸಿ ಮನೆಗೆ ಬಂದರೆ ಅತ್ತೆಯವರ ಮಾತು, ಮಕ್ಕಳ ಮಾತು, ಹತ್ತಿ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದ ನನ್ನವರ ಮಾತು. ಎಲ್ಲರೂ ಒಳ್ಳೆಯವರೇ. ಆದರೆ ಮಾತು ಎಂದರೇನೇ ನನಗೆ ತಲೆ ಚಿಟ್ಟು ಹಿಡಿಯುವ ಹಾಗಾಗಿತ್ತು.

ಆ ದಿನಗಳಲ್ಲಿ ನಾನು ಬೇಸರವಿಲ್ಲದೆ ಕೇಳುತ್ತಿದ್ದ ದನಿ ಒಂದೇ, ಮಾನ್ವಿ ಎಕ್ಸ್‌ಚೇಂಜಿನ ಆಪರೇಟರಳದು. ಅವಳನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ. ವರ್ಷಗಟ್ಟಲೆ ತಂತಿಯ ಮೇಲೇ ಸ್ನೇಹ. ಅವಳು ನನ್ನನ್ನು "ರಾಯಚೂರು" ಎನ್ನುತ್ತಿದ್ದಳು, ನಾನು ಅವಳನ್ನು "ಮಾನ್ವಿ" ಎನ್ನುತ್ತಿದ್ದೆ.

"ಏನ್ರೀ ಮಾನ್ವಿ, ಊಟ ಆತೇನು?"

"ಆತ್ರಿ ರಾಯಚೂರು. ಇವತ್ತ ಪುಂಡಿಪಲ್ಯಾ ಮಾಡಿದ್ದೆ. ನಿಮ್ಮ ಮೈ ಹ್ಯಾಂಗದ?"

ಅವಳ ಊರು ಪೋತ್ನಾಳ. ಮದುವೆ ಮಾಡಿಕೊಂಡಿರಲಿಲ್ಲ. ಕಣ್ಣು ಮಂಜಾದ ತಂದೆಯನ್ನು ಜೊತೆಗಿಟ್ಟುಕೊಂಡು ಮಾನ್ವಿಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನನ್ನ ಮೈಯ ಒಲೆಯ ವಿಷಯವನ್ನು ಮೊದಲು ಹೇಳಿಕೊಂಡದ್ದು ಅವಳೊಬ್ಬಳಿಗೇ. ಮುಖ ಕಾಣದವರಿಗೆ ಇಂಥದ್ದು ಹೇಳುವುದು ಸುಲಭ.

ಒಂದು ಸಂಜೆ ಅತ್ತೆಯವರಿಗೆ ಭಜನೆಯ ಕ್ಯಾಸೆಟ್ ತುಂಬಿಸಿಕೊಂಡು ಬರಬೇಕಿತ್ತು. ಆಗ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗಳು ಊರಲ್ಲಿ ಒಂದೊಂದೇ ಹುಟ್ಟುತ್ತಿದ್ದವು. ನಮ್ಮ ಮನೆಯ ಹಾದಿಯಲ್ಲಿದ್ದ ಅಂಥ ಅಂಗಡಿಯನ್ನು ನಡೆಸುತ್ತಿದ್ದವರು ಒಬ್ಬ ಮುಸ್ಲಿಂ ಹೆಂಗಸು. ಐವತ್ತರ ಹತ್ತಿರದವರು. ಅಂಗಡಿ ಹಾಕಿದ್ದು ಅವರ ತಮ್ಮ. ಅವನು ಅಡಿಗೆಯವನಾಗಿ ಅರಬ್ಬರ ದೇಶಕ್ಕೆ ದುಡಿಯಲು ಹೋದ ಮೇಲೆ ಇವರು ಬುರ್ಖಾವನ್ನು ಮೊಳೆಗೆ ತೂಗುಹಾಕಿ, ಎರಡು ಬಾಯಿಯ ಟೇಪ್ ರೆಕಾರ್ಡರ್ ಮುಂದೆ ಕೂತಿದ್ದರು. ಓಣಿಯವರೆಲ್ಲ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ಅಕ್ಕ ಎಂದರ್ಥ.

ನಾನು ಮೆಟ್ಟಿಲು ಹತ್ತುವಾಗ ಒಳಗೆ ಏನೋ ಕೂಗುತ್ತಿತ್ತು. ಮೊದಲು ಜಗಳವೆಂದೇ ತಿಳಿದೆ. ಹಿಟ್ಟಿನ ಗಿರಣಿಯ ಪಟ್ಟಿ ಹರಿದಂಥ ಗಿಟಾರಿನ ಸದ್ದು, ಎದೆಗೂಡಿಗೆ ಗುದ್ದಿದಂಥ ಡ್ರಮ್ಮು, ಅದರ ಮೇಲೆ ಒಬ್ಬ ಹೆಂಗಸಿನ ದನಿ. ಹಾಡುತ್ತಿದ್ದಳೋ ಬೈಯುತ್ತಿದ್ದಳೋ ಹೇಳಲಾಗದು. ಗಂಟಲು ಹರಿದರೂ ಚಿಂತೆಯಿಲ್ಲ ಎಂಬಂತೆ ಒದರುತ್ತಿದ್ದಳು. ನಡುವೆ ಒಮ್ಮೆಲೆ ದನಿ ತಗ್ಗಿಸಿ, ಮಗುವಿನ ತಲೆ ಬಾಚುವಾಗ ಗುನುಗುವ ಹಾಗೆ ಏನೋ ಅಂದಳು. ಮತ್ತೆ ಕೂಗಿದಳು. ಒಂದು ಶಬ್ದವೂ ತಿಳಿಯಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಆ ಹಾಡು ಮುಗಿಯುವವರೆಗೆ ನನಗೆ ಬೆವರು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

"ಇದು ಯಾವ ದೇಶದ್ದರೀ ಆಪಾ?"

"ಜಪಾನಿನೋರ್ದು. ತಮ್ಮ ಬಂದಾಗ ಒಂದು ಡಬ್ಬಿ ತುಂಬ ತಂದಾನ. ಕ್ಯಾಸೆಟ್ ಮಜಬೂತ್ ಅದಾವ, ಅಳಿಸಿ ಕವ್ವಾಲಿ ತುಂಬಬೇಕು. ಅದಕ್ಕ ಒಂದೊಂದ ಹಚ್ಚಿ ನೋಡಾಕತ್ತೀನಿ."

"ಇದನ್ನ ಅಳಸಬ್ಯಾಡ್ರಿ."

ಆಪಾ ಕನ್ನಡಕ ಮೂಗಿನ ತುದಿಗೆ ಜಾರಿಸಿ ನನ್ನನ್ನು ನೋಡಿದರು. ಆಮೇಲೆ ನಕ್ಕರು. "ನೀವೂನಾ? ಬೆಳಿಗ್ಗಿಂದ ಇದೊಂದ ಕ್ಯಾಸೆಟ್ ಕೈಯಾಗ ಹಿಡ್ಕೊಂಡು ಕೂತೀನಿ. ಅಳಸ್ಲಿಕ್ಕೆ ಬಟನ್ ಒತ್ತಾಕ ಮನಸ್ಸ ಬರವಲ್ದು. ಬರ್ರಿ, ಕುಂದರ್ರಿ, ಎರಡನೇ ಮಗ್ಗುಲಾ ಕೇಳೋಣು."

ಅಂದು ಅತ್ತೆಯವರ ಭಜನೆ ತುಂಬಿಸುವುದು ಮರುದಿನಕ್ಕೆ ಹೋಯಿತು. ನಾವಿಬ್ಬರೂ ಆ ಡಬ್ಬಿಯ ಕ್ಯಾಸೆಟ್ಟುಗಳನ್ನು ಹಚ್ಚುತ್ತ ಕೂತೆವು. ಅವುಗಳ ಬೆನ್ನಿನ ಮೇಲಿನ ಬರಹ, ಯಾರೋ ರಂಗೋಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟು ಎದ್ದಂತೆ ಕಾಣುತ್ತಿತ್ತು. ಹೆಸರು ಓದಲು ಬಾರದ್ದರಿಂದ ನಾವೇ ಹೆಸರಿಟ್ಟೆವು. ಮೊದಲು ಕೇಳಿದವಳು ಸಿಟ್ಟಿನಾಕಿ. ಗಿಟಾರುಗಳು ಒಂದರ ಮೇಲೊಂದು ಬಿದ್ದು ಬರುವ ಒಂದು ತಂಡಕ್ಕೆ ಗಿರಣಿಯವರು. ಇನ್ನೊಂದರಲ್ಲಿ ಗಂಡಸೊಬ್ಬ ಹಾಡು ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ಕೆಮ್ಮೋನು ಎಂದೆವು. ಅವನ ಹಾಡುಗಳು ನಿಧಾನ, ಬ್ಯಾಂಡಿನವರು ಅವನನ್ನು ಹೆದರಿಸದಂತೆ ಹಿಂದೆ ಹಿಂದೆ ನಡೆದು ಬಂದಂತೆ. ಕೆಲವು ಕ್ಯಾಸೆಟ್ಟುಗಳು ನಮಗೂ ಹಿಡಿಸಲಿಲ್ಲ. ಅವು ಕವ್ವಾಲಿಯ ಪಾಲಾದವು.

ಹಾಡು ತುಂಬಿಸಿಯೇ ಮಾರುವ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಅವಕ್ಕೆ ಕಾಗದ ಅಂಟಿಸಿದರೆ ಮಾತ್ರ ಹಳೆಯದನ್ನು ಅಳಿಸಿ ಹೊಸ ಹಾಡು ತುಂಬಲು ಬರುತ್ತದೆ. ಆಪಾ ಮೊದಲೇ ಎಲ್ಲಕ್ಕೂ ಕಾಗದ ಅಂಟಿಸಿಟ್ಟಿದ್ದರು. ನಾವು ಉಳಿಸಿಕೊಂಡವುಗಳ ಕಾಗದವನ್ನು ನನ್ನ ತಲೆಯ ಪಿನ್ನಿನಿಂದ ಕೆರೆದು ತೆಗೆದೆವು. ಇನ್ನು ಯಾರೂ ತಿಳಿಯದೆಯೂ ಅಳಿಸಲಾರರು.

"ಇವನ್ನ ಕೇಳೋ ಗಿರಾಕಿ ಯಾರದಾರ ಆಪಾ? ನಿಮಗ ನಷ್ಟ ಆಗ್ತದಲ್ಲ" ಎಂದೆ.

"ನಾನೂ ಗಿರಾಕಿನ" ಎಂದರು ಆಪಾ. ಅವನ್ನು ಬೇರೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ತಮ್ಮ ಕಾಲ ಬಳಿ ಇಟ್ಟುಕೊಂಡರು.

ನನಗೆ ಸಿಟ್ಟಿನಾಕಿಯ ಒಂದು ಪ್ರತಿ ಮಾಡಿಕೊಟ್ಟರು. ಮನೆಯಲ್ಲಿ ಮೊದಲ ಸಲ ಹಚ್ಚಿದಾಗ ಅತ್ತೆಯವರು ಜಪಮಣಿ ಕೆಳಗಿಟ್ಟು, "ಯಾರ್ ಸತ್ರು?" ಎಂದು ಕೇಳಿದರು. ಮಕ್ಕಳು ನಕ್ಕರು. ನನ್ನವರು ಟೇಪ್ ರೆಕಾರ್ಡರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಮರುದಿನ ಹಿತ್ತಲಿನ ಕೋಣೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಟೇಪ್ ರೆಕಾರ್ಡರ್, ಪಕ್ಕದಲ್ಲಿ ಕರೆಂಟು ಹೋದರೆ ಇರಲಿ ಎಂದು ಹೊಸ ಬ್ಯಾಟರಿಗಳ ಪೊಟ್ಟಣ ಇದ್ದವು. ಪಾಳಿಯಿಂದ ಬಂದ ಮೇಲೆ ಅರ್ಧ ತಾಸು ಆ ಕೋಣೆಗೆ ಯಾರೂ ಬರುತ್ತಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಅದು ಹಾಗೇ ನಡೆಯಿತು. ಆ ಮನುಷ್ಯನ ಮೇಲೆ ನನಗೆ ಇದ್ದ ಪ್ರೀತಿಗೆ ಆ ಬ್ಯಾಟರಿ ಪೊಟ್ಟಣವೂ ಒಂದು ಕಾರಣ.

ಆ ಹಾಡು ನನಗೆ ಯಾಕೆ ಹಿಡಿಸಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಮುಖ್ಯವಾಗಿ, ಅದರ ಮಾತು ತಿಳಿಯುತ್ತಿರಲಿಲ್ಲ. ಇಡೀ ದಿನ ಬೇರೆಯವರ ಮಾತನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸಿದವಳಿಗೆ, ಎಲ್ಲಿಗೂ ಮುಟ್ಟಿಸಬೇಕಾಗಿಲ್ಲದ ದನಿಯೊಂದು ಸಿಕ್ಕಿತ್ತು. ಇನ್ನೊಂದು, ನಾನು ಹುಟ್ಟಿದಾಗಿನಿಂದ ಕೇಳಿದ ಹಾಡುಗಳಲ್ಲಿ ಹೆಣ್ಣು ಅಳುತ್ತಿದ್ದಳು, ಕಾಯುತ್ತಿದ್ದಳು, ದೇವರನ್ನು ಕರೆಯುತ್ತಿದ್ದಳು. ಹೀಗೆ ಬಾಯಿ ತುಂಬ ಒದರಿದವಳನ್ನು ಕೇಳಿರಲಿಲ್ಲ. ನನ್ನ ಪರವಾಗಿ ಯಾರೋ ಒದರಿ ಬಂದಂತಾಗಿ, ಮೈ ತಣ್ಣಗಾಗುತ್ತಿತ್ತು.

ಆಗ ನನಗೆ ದೇವದುರ್ಗದ ಅಕ್ಕನ ನೆನಪಾಯಿತು. ನನಗಿಂತ ಆರು ವರ್ಷ ದೊಡ್ಡವಳು. ಹಿಂದಿನ ವರ್ಷ ರಾಯಚೂರಿಗೆ ಕರೆತಂದು ಅವಳ ಗರ್ಭಕೋಶ ತೆಗೆಸಿದ್ದೆವು. ಗಾಯ ಮಾಯ್ದಿತ್ತು, ಮನಸ್ಸು ಮಾಯ್ದಿರಲಿಲ್ಲ. ಓಣಿಯ ಕಟ್ಟೆಯ ಮೇಲೆ ಕೂತು ಇಡೀ ದೇವದುರ್ಗದ ಸುದ್ದಿ ಮಾತಾಡುತ್ತಿದ್ದವಳು ನಡುಮನೆಯ ಮೂಲೆ ಹಿಡಿದಿದ್ದಳು. ರಜೆ ಹಾಕಿ, ಆಪಾನಿಂದ ಗಿರಣಿಯವರದೂ ಒಂದು ಪ್ರತಿ ಮಾಡಿಸಿಕೊಂಡು, ಟೇಪ್ ರೆಕಾರ್ಡರನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

"ಬಂದೇನ್ ಬೇ" ಎಂದಳು ಅಕ್ಕ, ಮೇಲೆ ಏಳದೆಯೇ. "ಒಳಗಿಂದೆಲ್ಲಾ ತಗದ್ರು. ಈಗ ನಾನೊಂದು ಖಾಲಿ ಡಬ್ಬಿ."

"ಖಾಲಿ ಡಬ್ಬಿ ಭಾಳ ಸಪ್ಪಳ ಮಾಡ್ತದ ಯಕ್ಕಾ, ನೀ ಯಾಕ ಸುಮ್ಮನ ಕುಂತಿ?" ಎಂದೆ. ಅವಳು ನಗಲಿಲ್ಲ.

ಸೊಸೆ ರೊಟ್ಟಿಗೆ ಹಿಟ್ಟು ಕಲೆಸುತ್ತಿದ್ದಳು. ನಾನು ಅಡಿಗೆಮನೆಯ ಮೆಟ್ಟಿಲ ಮೇಲೆ ಟೇಪ್ ಇಟ್ಟು ಗಿರಣಿಯವರನ್ನು ಹಚ್ಚಿದೆ. ಅಕ್ಕ ಮುಖ ಸಿಂಡರಿಸಿದಳು. "ಏ, ಯಾರನ್ನ ಹೊಡ್ಯಾಕತ್ತಾರ? ಬಂದ್ ಮಾಡು."

"ಇದೊಂದ ಮುಗೀಲಿ ತಡಿ."

ಎರಡನೆಯ ಹಾಡಿಗೆ ಅವಳು ಮೂಲೆಯಿಂದ ಎದ್ದು ಬಂದಳು. ಟೇಪ್ ಬಂದ್ ಮಾಡಲೆಂದೇ ಬಂದಿರಬೇಕು. ಸೊಸೆಯ ರೊಟ್ಟಿ ತಟ್ಟುವ ಕೈ ನಿಂತಿದ್ದು ನೋಡಿ, "ಆಕಡಿ ಸರಿ, ಹಂಚು ಕಾದು ಕೆಂಪಾಗ್ಯದ" ಎಂದು ತಾನೇ ಕೂತಳು. ಜೋಳದ ಹಿಟ್ಟಿನ ಮೇಲೆ ಅವಳ ಅಂಗೈ ಬಿದ್ದಿತು. ತಟ್ಟುತ್ತ ತಟ್ಟುತ್ತ ಆ ಸದ್ದು ಡ್ರಮ್ಮಿನ ಜೊತೆ ಕೂಡಿತು. ಅವಳಿಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಬ್ಯಾಂಡಿನವರು ಓಡಿದರೆ ಇವಳೂ ಓಡಿದಳು. ರೊಟ್ಟಿ ತಾಟಿನಷ್ಟಾಗಿ, ಮೊರದಷ್ಟಾಗಿ, ಕೊನೆಗೆ ಎತ್ತಲು ಹೋದರೆ ನಡುವೆ ಹರಿದು ಜೋತುಬಿತ್ತು. ಅಕ್ಕ ಹರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಸೊಸೆ ಗಾಬರಿಯಾಗಿ, "ಅತ್ತೀ, ಹೊಲಿಗಿ ಹಾಕಿದ್ ಜಾಗಾ, ಸಾವಕಾಶ" ಎಂದಳು.

"ಹಾಕಿದ್ದು ಗಟ್ಟಿ ಅದ ಬಿಡು" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದಸಲ ಹಚ್ಚ."

ಆ ಕ್ಯಾಸೆಟ್ ನಾನು ಅಲ್ಲೇ ಬಿಟ್ಟು ಬಂದೆ. ಸ್ವಲ್ಪ ದಿನಕ್ಕೆ ದೇವದುರ್ಗದ ಬೋರ್ಡಿನಿಂದ ನನಗೇ ಕರೆ ಬಂತು. ಅಕ್ಕ ಎಣ್ಣೆ ಅಂಗಡಿಯ ಫೋನಿನಿಂದ ಮಾತಾಡುತ್ತಿದ್ದಳು. ಅಂದರೆ ಮನೆ ಬಿಟ್ಟು ಹೊರಗೆ ಬಂದಿದ್ದಳು. "ಲೇ ತಂಗಿ, ನಮ್ಮ ಕಟ್ಟಿ ಮ್ಯಾಲಿನ ಹೆಂಗಸರು ಇನ್ನೊಂದು ಕೇಳಾಕತ್ತಾರ. ನೀ ಹೇಳಿದ್ದೆಲ್ಲಾ, ಆ ಸಿಟ್ಟಿನಾಕಿದು ಕಳಸು."

ಹೀಗೆ ಆಪಾನ ಬಿಸ್ಕತ್ತಿನ ಡಬ್ಬಿ ಒಂದು ಥರದ ಔಷಧಿ ಪೆಟ್ಟಿಗೆಯಾಯಿತು. ಅಂಗಡಿಗೆ ಬಂದ ನಮ್ಮ ವಯಸ್ಸಿನ ಹೆಂಗಸರನ್ನು ಆಪಾ ಎರಡು ಮಾತು ಕೇಳಿ, ಮುಖ ನೋಡಿ, ಕ್ಯಾಸೆಟ್ ಆರಿಸಿ ಕೊಡುತ್ತಿದ್ದರು. ಮೈ ಸುಡುವವರಿಗೆ ಗಿರಣಿಯವರು. ಮನೆಯಲ್ಲಿ ಯಾರಾದರೂ ಮನಸ್ಸಿಗೆ ನಾಟುವಂತೆ ಅಂದಿದ್ದರೆ ಸಿಟ್ಟಿನಾಕಿ. ನಿದ್ದೆ ಬಾರದವರಿಗೆ ಕೆಮ್ಮೋನು, ಅದೂ ಸಣ್ಣ ದನಿಯಲ್ಲಿ. ಒಬ್ಬಾಕೆ ಎರಡೇ ದಿನಕ್ಕೆ ತಂದುಕೊಟ್ಟು, "ತಲಿನೋವು ಬಂತು ಆಪಾ" ಎಂದಾಗ ಆಪಾ ಬೇಸರ ಮಾಡಿಕೊಳ್ಳದೆ, "ನಕ್ಕೋ ಅಂದ್ರ ನಕ್ಕೋ, ಬ್ಯಾಡಂದ್ರ ಬ್ಯಾಡ, ಎಲ್ಲಾರಿಗೂ ಒಂದ ಗುಳಗಿ ನಡೀತದೇನು?" ಎಂದು ಭಾವಗೀತೆಯ ಕ್ಯಾಸೆಟ್ ಕೊಟ್ಟು ಕಳಿಸಿದರು.

ಮಾನ್ವಿಗೂ ಹೇಳಿದೆ. ಲೈನು ಖಾಲಿ ಇದ್ದ ಒಂದು ಮಧ್ಯಾಹ್ನ ಸಿಟ್ಟಿನಾಕಿಯ ಧಾಟಿಯನ್ನು ಬಾಯಿಯಿಂದಲೇ ಹೇಳಿ ತೋರಿಸಿದೆ. ಆ ಕಡೆಯಿಂದ ನಗು ಬಂತು. ಆಮೇಲೆ, "ರಾಯಚೂರು, ನನಗೂ ಬೇಕ್ರಿ ಅದು. ಅಪ್ಪಗ ಕಣ್ಣು ಕಾಣಂಗಿಲ್ಲ, ಕಿವಿ ಚುರುಕ. ಮನ್ಯಾಗ ಉಸರು ಬಿಟ್ಟರೂ ಯಾಕ ಉಸರು ಬಿಟ್ಟಿ ಅಂತಾನ. ನಾ ಎಲ್ಲಿ ಒದರಲಿ?"

ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ ಎಂದೆ. ಅವಳು ಬೇಡ ಎಂದಳು. "ನಾನ ಬರ್ತೀನಿ. ನಿಮ್ಮನ್ನೂ ನೋಡಿದಂಗಾತು."

ಅವಳು ಬರುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವಳಿಗೆ, ಗುರುತು ಹಿಡಿಯುವುದು ಹೇಗೆಂದು ಕೇಳಿಯೇ ಇಲ್ಲವಲ್ಲ ಎಂದು ಹೊಳೆಯಿತು. ಮಾನ್ವಿ ಬಸ್ಸು ಬಂತು, ಜನ ಇಳಿದರು, ಹೆಂಗಸರೂ ಇಳಿದರು. ನನ್ನ ಮನಸ್ಸಿನಲ್ಲಿದ್ದ ಮಾನ್ವಿ ಎತ್ತರ, ತೆಳ್ಳಗೆ. ಅಂಥವರು ಯಾರೂ ಇರಲಿಲ್ಲ. ಕೊನೆಗೆ ಬೋರ್ಡಿನಲ್ಲಿ ಕೂಗುವ ದನಿಯಲ್ಲೇ, "ಹಲೋ ಮಾನ್ವೀ!" ಎಂದು ಕೂಗಿದೆ. ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡಿದರು. ಹಣ್ಣಿನ ಗಾಡಿಯ ಹಿಂದಿನಿಂದ, ಕುಳ್ಳಗೆ ದುಂಡಗಿನ, ಮೂಗುತಿಯ ಹೆಂಗಸೊಬ್ಬಳು, "ಮಾತಾಡ್ರಿ ರಾಯಚೂರು!" ಎನ್ನುತ್ತ ಬಂದಳು. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಏನು ಮಾತಾಡಬೇಕೋ ತಿಳಿಯದೆ ನಿಂತೆವು. ವರ್ಷಗಟ್ಟಲೆ ಮಾತಾಡಿದವರಿಗೆ ಎದುರಿಗೆ ಬಂದರೆ ನಾಚಿಕೆ. ಆಪಾನ ಅಂಗಡಿ ಮುಟ್ಟಿ, ಸಿಟ್ಟಿನಾಕಿಯನ್ನು ಹಚ್ಚಿದ ಮೇಲೆಯೇ ಆ ನಾಚಿಕೆ ಹೋದದ್ದು. ಮಾನ್ವಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಪ್ಪಾನ ಮುಂದ ಹೆಂಗ ಹಚ್ಚಲಿ ಇದನ್ನ?" ಎಂದಳು.

"ಜಪಾನಿ ಕಲಿಯಾಕತ್ತೀನಿ ಅಂತ ಹೇಳಿಬಿಡು" ಎಂದರು ಆಪಾ.

ನಿಜಕ್ಕೂ ಹಾಗೇ ಹೇಳಿದಳಂತೆ. ತಂದೆಗೆ ಮಗಳ ವಿದ್ಯೆಯ ಬಗ್ಗೆ ಹೆಮ್ಮೆಯಾಗಿ, ಬಂದವರಿಗೆಲ್ಲ ಹೇಳಿಕೊಂಡರಂತೆ.

ಮುಂದಿನ ವರ್ಷ ಆಪಾನ ತಮ್ಮ ರಜೆಗೆ ಬಂದ. ನಾನು ಅಂಗಡಿಗೆ ಹೋದಾಗ ಅವನು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಡಬ್ಬಿಯ ಕ್ಯಾಸೆಟ್ಟುಗಳನ್ನು ಆಪಾ ಅಳಿಸದೆ ಇಟ್ಟದ್ದು ನೋಡಿ ಬೈಯಬಹುದು ಎಂದು ನಮಗೆ ಅಳುಕಿತ್ತು. ಅವನು ಸಿಟ್ಟಿನಾಕಿಯ ಕ್ಯಾಸೆಟ್ ಎತ್ತಿ ಹಿಂದೆ ಮುಂದೆ ತಿರುಗಿಸಿ, "ಇದು ದೊಡ್ಡ ಎಂಜಿನಿಯರನ ಹೆಂಡ್ತಿದು" ಎಂದ.

"ಹಾಡಿದಾಕಿ ಆತನ ಹೆಂಡ್ತೀನಾ?" ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು.

"ಹಾಡಿದಾಕಿ ಅಲ್ರಿ. ಕಳಿಸಿದಾಕಿ."

ಆಮೇಲೆ ಅವನು ಹೇಳಿದ್ದು ಇಷ್ಟು. ಅವನು ಅಡಿಗೆ ಮಾಡುತ್ತಿದ್ದುದು ಮರಳಿನ ನಡುವೆ ಕೊಳವೆ ಹಾಕಲು ಬಂದ ಜಪಾನಿನವರ ಕ್ಯಾಂಪಿನಲ್ಲಿ. ಅಲ್ಲಿನ ದೊಡ್ಡ ಎಂಜಿನಿಯರನಿಗೆ ಊರಿನಿಂದ ಹೆಂಡತಿ ಆಗಾಗ ಕ್ಯಾಸೆಟ್ ಕಳಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು. ಮಕ್ಕಳು ದೊಡ್ಡವರಾಗಿದ್ದರು, ಗಂಡ ದೂರದಲ್ಲಿ. ಆಕೆ ಅಂಗಡಿ ಅಂಗಡಿ ತಿರುಗಿ, ಹುಡುಗರು ಕೇಳುವ ಬ್ಯಾಂಡುಗಳನ್ನೆಲ್ಲ ಕೇಳಿ, ತನಗೆ ಹಿಡಿಸಿದ್ದನ್ನು ಗಂಡನಿಗೂ ಕಳಿಸುತ್ತಿದ್ದಳು. ಆತನಿಗೆ ಈ ಗದ್ದಲ ಸೇರುತ್ತಿರಲಿಲ್ಲ. ಆದರೂ ಊಟದ ಹೊತ್ತಿಗೆ ಹಚ್ಚಿಕೊಂಡು ಕೂರುತ್ತಿದ್ದ.

"ನಿಮಗ ಸೇರಂಗಿಲ್ಲ ಅಂದ್ರ ಯಾಕ ಕೇಳ್ತೀರಿ ಸಾಹೇಬ್ರ ಅಂತ ಒಂದಿನ ಕೇಳಿದೆ" ಎಂದ ತಮ್ಮ. "ಅರ್ಧ ಇಂಗ್ಲಿಷು, ಅರ್ಧ ಕೈಸನ್ನಿ. ಆಕಿ ಹೆಂಗದಾಳ ಅಂತ ಇದರಾಗ ಗೊತ್ತಾಗ್ತದ ಅಂದ್ರು."

"ಮತ್ತ ನಿನಗ ಯಾಕ ಕೊಟ್ಟು ಹೋದ?" ಎಂದು ಆಪಾ ಕೇಳಿದರು.

"ನಾನೂ ಅದನ್ನ ಕೇಳಿದೆ. ಮನಿಗಿ ಹೊಂಟೀನಿ, ಅಲ್ಲಿ ಆಕೀನ ಅದಾಳಲ್ಲ ಅಂದ್ರು."

ಆಪಾ ಬಿಸ್ಕತ್ತಿನ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಇಷ್ಟು ದಿನ ಆ ಡಬ್ಬಿ ನಮಗೆ ಆಕಸ್ಮಿಕವಾಗಿ ಸಿಕ್ಕಿದ್ದು ಎಂದುಕೊಂಡಿದ್ದೆವು. ಅದರೊಳಗಿನ ಒಂದೊಂದನ್ನೂ ನಮ್ಮದೇ ವಯಸ್ಸಿನ ಒಬ್ಬಳು ಕೇಳಿ, ತೂಗಿ ನೋಡಿ, ಇದು ಬೇಕು ಎಂದು ಆರಿಸಿದ್ದಳು. ಅದಕ್ಕೇ ಇರಬೇಕು ನಮಗೆ ಅಷ್ಟು ಸರಿಯಾಗಿ ಕೂತದ್ದು.

ತಮ್ಮನಿಗೆ ಅಡಿಗೆಮನೆಯ ನಾಲ್ಕಾರು ಜಪಾನಿ ಶಬ್ದಗಳು ಬರುತ್ತಿದ್ದವು. ಸಿಟ್ಟಿನಾಕಿ ಕೂಗಿ ಕೂಗಿ ಹೇಳುವ ಶಬ್ದವೊಂದನ್ನು ತೋರಿಸಿ ಅರ್ಥ ಕೇಳಿದೆವು. ಗಂಡನನ್ನೋ ವಿಧಿಯನ್ನೋ ಬೈಯುತ್ತಿದ್ದಾಳೆ ಎಂಬುದು ನಮ್ಮ ನಂಬಿಕೆಯಾಗಿತ್ತು. ಅವನು ಕಿವಿಗೊಟ್ಟು ಕೇಳಿ, "ಅಶಿತಾ ಅನ್ನಾಕತ್ತಾಳ. ನಾಳಿಗಿ ಅಂತ. ನಾಳಿಗಿ ಎಷ್ಟ ಮಂದಿ ಊಟಕ್ಕ ಅಂತ ಕೇಳಾಕ ನಾವೂ ಅದನ್ನ ಅಂತಿದ್ವಿ" ಎಂದ. ಉಳಿದದ್ದು ಅವನಿಗೂ ತಿಳಿಯಲಿಲ್ಲ. ನಮಗೆ ಅಷ್ಟು ಸಾಕಾಯಿತು.

ಈ ಸುದ್ದಿ ಕೇಳಿದ ದೇವದುರ್ಗದ ಅಕ್ಕ ತಾನೇ ಹೊರಡಿಸಿದ್ದು, ಅವಳ ಊರಿನ ಹತ್ತಿರ ಕೃಷ್ಣೆಯ ದಂಡೆಯಲ್ಲಿರುವ ಗೂಗಲ್ ಎಂಬ ಹಳ್ಳಿಗೆ ಪ್ರಯಾಣ. "ಎಲ್ಲಾರೂ ಬರ್ರಿ, ಹೊಳಿ ದಂಡಿಗೆ ಹೋಗಿ ಉಂಡು ಬರೋಣು. ಟೇಪ್ ಮರೀಬ್ಯಾಡ್ರಿ." ಚಳಿಗಾಲದ ಒಂದು ಭಾನುವಾರ ನಾನು, ಆಪಾ, ಮಾನ್ವಿ ದೇವದುರ್ಗ ಸೇರಿ, ಅಲ್ಲಿಂದ ಅಕ್ಕನನ್ನು ಕೂಡಿಕೊಂಡು ಗೂಗಲ್ಲಿಗೆ ಹೋದೆವು. ಗಂಡಸರಿಲ್ಲದೆ, ಮಕ್ಕಳಿಲ್ಲದೆ, ಮದುವೆ ಮುಂಜಿಯ ನೆಪವಿಲ್ಲದೆ ನಾಲ್ವರು ಹೆಂಗಸರು ಹೊರಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಲ್ಲಮಪ್ರಭುವಿನ ಗುಡಿಯೊಳಗೆ ನಾವು ಹೋದಾಗ ಆಪಾ ಹೊರಗೆ ಕಟ್ಟೆಯ ಮೇಲೆ ಕೂತರು. "ನಂದೂ ಒಂದು ಸಲಾಂ ಹೇಳ್ರಿ" ಎಂದರು. ಅಕ್ಕ ಒಳಗೆ ಕೈಮುಗಿದು, ಅದನ್ನೂ ಬಾಯಿಬಿಟ್ಟೇ ಹೇಳಿದಳು.

ಕೃಷ್ಣೆಯ ದಂಡೆಯಲ್ಲಿ ನೆರಳು ನೋಡಿ ಜಮಖಾನ ಹಾಸಿದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಆಪಾ ಖಿಚಡಿ, ಅದರ ಜೊತೆ ಹುಣಸೆಹುಳಿಯ ಖಟ್ಟಾ ತಂದಿದ್ದರು. ಅಕ್ಕ ಬಡಿಸುವಾಗ ಐದು ಎಲೆ ಹಾಕಿದಳು.

"ಇದು ಯಾರಿಗಿ?" ಎಂದಳು ಮಾನ್ವಿ.

"ಆ ಎಂಜಿನಿಯರನ ಹೆಂಡ್ತಿಗಿ" ಎಂದಳು ಅಕ್ಕ ಗಂಭೀರವಾಗಿ. "ಆಕಿ ನಮಗ ಇಷ್ಟ ಕಳಸ್ಯಾಳ. ನಾವು ಆಕಿಗಿ ಒಂದು ರೊಟ್ಟಿನೂ ಕೊಟ್ಟಿಲ್ಲ."

ಆಪಾ ಐದನೆಯ ಎಲೆಗೆ ಖಿಚಡಿ ಹಾಕಿದರು. ಟೇಪಿನಲ್ಲಿ ಗಿರಣಿಯವರು ಶುರುವಾದರು. ನದಿಯ ಬಯಲಿನಲ್ಲಿ ಗೋಡೆಗಳಿರಲಿಲ್ಲವಾದ್ದರಿಂದ ದನಿಯನ್ನು ಪೂರ್ತಿ ಬಿಟ್ಟೆವು. ಸಿಟ್ಟಿನಾಕಿ ಬಂದಾಗ ಮಾನ್ವಿ ಎದ್ದು ನೀರಿನಂಚಿಗೆ ಹೋಗಿ, ಆ ಒಂದು ಶಬ್ದ ಬಂದಾಗಲೆಲ್ಲ ಅವಳ ಜೊತೆ ಒದರಿದಳು. "ಅಶಿತಾ!" ಮೊದಲ ಸಲ ಸಣ್ಣಗೆ, ಆಮೇಲೆ ಎಷ್ಟು ಜೋರಾಗಿ ಎಂದರೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. ನಾವು ಮೂವರೂ ಕೂತಲ್ಲಿಂದಲೇ ದನಿಗೂಡಿಸಿದೆವು.

ಆ ಗದ್ದಲಕ್ಕೆ ಆಡುಗಳನ್ನು ಮೇಯಿಸುತ್ತಿದ್ದ ಹೆಂಗಸೊಬ್ಬಳು ಜಾಲಿಮರಗಳ ನಡುವಿನಿಂದ ಬಂದಳು. ನಮ್ಮದೇ ವಯಸ್ಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಯಾವ ಭಜನಿ ಯವ್ವಾ ಇದು?"

"ಜಪಾನಿನೋರ ಭಜನಿ" ಎಂದಳು ಅಕ್ಕ.

ಅವಳು ಕೋಲಿನ ಮೇಲೆ ಗದ್ದ ಊರಿ ನಿಂತು ಕೇಳಿದಳು. "ಈಕಿಗಿ ಭಾಳ ಸಿಟ್ಟ ಬಂದದ" ಎಂದಳು. ಇನ್ನೂ ಸ್ವಲ್ಪ ಕೇಳಿ, "ಬರಲಿ. ಬರಬೇಕು" ಎಂದಳು.

ಅಕ್ಕ ಐದನೆಯ ಎಲೆಯ ಮುಂದೆ ಜಾಗ ತೋರಿಸಿದಳು. "ಬಾ, ಕುಂದ್ರು. ನಿನಗ ಅಂತನ ಬಡಿಸ್ಯದ." ಆ ಹೆಂಗಸು ಆಡುಗಳ ಕಡೆ ಒಮ್ಮೆ ನೋಡಿ, ನೀರಿಗಿಳಿದು ಕೈ ತೊಳೆದು ಬಂದು ಕೂತಳು. ಉಂಡಳು. ಖಿಚಡಿ ಚಲೋ ಆಗಿದೆ ಎಂದು ಆಪಾಗೆ ಹೇಳಿದಳು. ಕ್ಯಾಸೆಟ್ ಮುಗಿದಾಗ, "ಇನ್ನೊಮ್ಮಿ ಹಚ್ಚ್ರಿ, ಆಡು ಎಲ್ಲೂ ಹೋಗಂಗಿಲ್ಲ" ಎಂದಳು. ಹಚ್ಚಿದೆವು. ಬಿಸಿಲು ಇಳಿಯುವವರೆಗೆ ಐವರೂ ಅಲ್ಲೇ ಇದ್ದೆವು. ಮಾತು ಬಹಳ ಆಡಲಿಲ್ಲ. ಅಂದು ನನಗೆ ಒಮ್ಮೆಯೂ ಮೈ ಕಾಯಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಕಾದಿತು. ಹೊಳೆಯ ಗಾಳಿಗೆ ಮುಖ ಕೊಟ್ಟು ಕೂತೆ, ಹೋಯಿತು.

ಆಮೇಲೆ ಬದುಕು ತನ್ನ ಪಾಡಿಗೆ ನಡೆಯಿತು. ಮೈಯ ಕಾವು ಮೂರ್ನಾಲ್ಕು ವರ್ಷಗಳಲ್ಲಿ ತಾನೇ ಇಳಿಯಿತು. ಮಾನ್ವಿಯ ತಂದೆ ಮಗಳು ಜಪಾನಿ ಬಲ್ಲವಳು ಎಂಬ ಸಂತೋಷದಲ್ಲೇ ಕಣ್ಣು ಮುಚ್ಚಿದರು. ದಶಕದ ಕೊನೆಗೆ ಎಕ್ಸ್‌ಚೇಂಜಿಗೆ ತಾನೇ ಲೈನು ಕೂಡಿಸುವ ಯಂತ್ರ ಬಂತು, ವೈರುಗಳ ಬೋರ್ಡನ್ನು ಕಿತ್ತು ಹೊರಗಿಟ್ಟರು. ಮಾನ್ವಿಗೆ ರಾಯಚೂರಿಗೇ ವರ್ಗವಾಗಿ, ಬಿಲ್ಲಿನ ವಿಭಾಗದಲ್ಲಿ ನನ್ನ ಪಕ್ಕದ ಮೇಜೇ ಸಿಕ್ಕಿತು. ಆಪಾನ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಸಂಜೆ ಕೆಳಗೆ ಇಳಿದು ಅಂಗಡಿಯಲ್ಲಿ ಕೂರುತ್ತಿದ್ದಳು. ಕ್ಯಾಸೆಟ್ ತುಂಬುವ ಕೆಲಸ ಕಡಿಮೆಯಾದಾಗ ಇಬ್ಬರೂ ಸೇರಿ ಬಳೆ, ದಾರ, ಗುಂಡಿ ಮಾರಲು ಶುರು ಮಾಡಿದರು. ಅಕ್ಕ ಮತ್ತೆ ಕಟ್ಟೆ ಹಿಡಿದು, ಅವಳಿಲ್ಲದೆ ಓಣಿಯ ಯಾವ ಸುದ್ದಿಯೂ ಮುಗಿಯದ ಹಾಗೆ ಇದ್ದು, ತುಂಬು ವಯಸ್ಸಿಗೆ ಹೋದಳು.

ಕ್ಯಾಸೆಟ್ಟುಗಳು ಕೇಳಿ ಕೇಳಿ ಸವೆದವು. ಮೊದಲು ಸಿಟ್ಟಿನಾಕಿಯ ದನಿ ನೀರಿನೊಳಗಿಂದ ಬಂದಂತಾಗಿ, ಆಮೇಲೆ ಟೇಪೇ ಸುತ್ತಿಕೊಂಡು ಹರಿಯಿತು. ಆ ತಂಡಗಳ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ನಡುವಯಸ್ಸಿನ ಹೆಂಗಸು ಬಂದು, ಅಮ್ಮಾ, ನಿದ್ದಿ ಬರವಲ್ದು, ಮೈ ಸುಡತದ ಎಂದರೆ, ಡಾಕ್ಟರಿಗೆ ತೋರಿಸು ಎಂದು ಹೇಳಿ, ಜೊತೆಗೆ ಜಪಾನಿನವರ ಗಿಟಾರು ಡ್ರಮ್ಮಿನ ಹಾಡು ಸಿಕ್ಕರೆ ಕೇಳು ಎನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ. ಕೆಲವರು ಹುಡುಕಿ ಕೇಳುತ್ತಾರೆ.

ನನ್ನ ಬದುಕಿನಲ್ಲಿ ಋಣ ಎಂದು ನೆನೆಯಬೇಕಾದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಎದುರಿಗೇ ಒಂದು ಮಾತು ಹೇಳಿದ್ದೇನೆ, ಹೇಳಲಾಗದ್ದನ್ನು ಉಣಿಸಿ ತೀರಿಸಿದ್ದೇನೆ. ಸಮುದ್ರದಾಚೆಯ ಆ ಹೆಂಗಸಿಗೆ ಮಾತ್ರ ಎರಡೂ ಆಗಲಿಲ್ಲ. ಅಂಗಡಿಯಲ್ಲಿ ನಿಂತು, ಇದು ಅವರಿಗೆ ಸೇರೀತೇ ಎಂದು ಯೋಚಿಸುತ್ತ ಗಂಡನಿಗಾಗಿ ಒಂದೊಂದೇ ಆರಿಸಿದವಳು, ಅವು ಕೃಷ್ಣೆಯ ಈ ಕಡೆಯ ಅಡಿಗೆಮನೆಗಳಿಗೆ ಬಂದದ್ದನ್ನು ತಿಳಿದಿರಲಾರಳು. ಗಂಡನಿಗೆ ಅವು ಸೇರಲಿಲ್ಲ ಎಂದು ಆಕೆ ಬೇಸರ ಪಟ್ಟುಕೊಂಡಿದ್ದರೆ, ಪಡಬೇಕಾಗಿರಲಿಲ್ಲ. ನಮಗೆ ಬಹಳ ಸೇರಿದವು.